ಬಳಸಿದ ಫಿಕ್ಸರ್ ದ್ರಾವಣವನ್ನು ಮರಳಿ ಒಯ್ಯದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಎಕ್ಸ್‌ರೇ ಫಿಲಂ ಮತ್ತು ರಾಸಾಯನಿಕ ಸರಬರಾಜು ವಿಭಾಗ,
ಬಳ್ಳಾರಿ.

ಮಾನ್ಯರೇ,

ಗಂಗಾವತಿಯ ನಮ್ಮ ಎಕ್ಸ್‌ರೇ ಕೇಂದ್ರಕ್ಕೆ ನಾಲ್ಕು ವರ್ಷಗಳಿಂದ ಫಿಲಂ, ಅದರಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣ, ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್ ದ್ರಾವಣ ಎಲ್ಲವೂ ತಮ್ಮಲ್ಲಿಂದಲೇ ಬರುತ್ತಿವೆ. ಬಳಸಿ ಸತ್ವ ಕಳೆದ ಫಿಕ್ಸರನ್ನು ಎರಡು ತಿಂಗಳಿಗೊಮ್ಮೆ ತಾವೇ ಒಯ್ಯುವುದಾಗಿ ವ್ಯವಹಾರ ಕುದುರಿದಾಗ ಬರೆದುಕೊಟ್ಟಿದ್ದೀರಿ. ಕಳೆದ ಜೂನ್‌ನಿಂದ ಯಾರೂ ಬಂದಿಲ್ಲ. ಡಾರ್ಕ್‌ರೂಮಿನ ಮೂಲೆಯಲ್ಲಿ 20 ಲೀಟರಿನ ಐದು ಕ್ಯಾನುಗಳು ತುಂಬಿ ನಿಂತಿದ್ದು, ಬಾಗಿಲು ತೆರೆದರೆ ಹುಳಿ ಬೆರೆತ ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ.

ಫೋನಿನಲ್ಲಿ ತಮ್ಮ ಪ್ರತಿನಿಧಿ, "ಅದರಾಗ ಏನೈತ್ರಿ, ನೀರು ಬೆರೆಸಿ ಗಟಾರಕ್ಕ ಬಿಡ್ರಿ" ಎಂದರು. ಅದರಲ್ಲಿ ಏನಿದೆ ಎಂಬುದನ್ನು ಕೊಳ್ಳುವವನೇ ಮಾರುವವರಿಗೆ ತಿಳಿಸಬೇಕಾಗಿ ಬಂದಿದೆ. ಫಿಲಂ ಮೇಲೆ ಕಿರಣ ತಾಗದೆ ಉಳಿದ ಸಿಲ್ವರ್ ಹಾಲೈಡ್ ಎಂಬ ಬೆಳ್ಳಿಯ ಸಂಯುಕ್ತವನ್ನು ಫಿಕ್ಸರಿನಲ್ಲಿರುವ ಥಯೋಸಲ್ಫೇಟ್ ಎಂಬ ಲವಣ ಕರಗಿಸಿ ತನ್ನೊಳಗೆ ಸೆಳೆದುಕೊಳ್ಳುವುದರಿಂದ, ತೊಳೆದ ಫಿಲಂಗಳು ಹೆಚ್ಚಿದಂತೆ ದ್ರಾವಣದಲ್ಲಿ ಬೆಳ್ಳಿಯೂ ಹೆಚ್ಚುತ್ತದೆ. ಸಂಶಯವಿದ್ದರೆ ಅವರು ಬಂದು ಉಜ್ಜಿದ ತಾಮ್ರದ ತಂತಿಯೊಂದನ್ನು ಆ ಕ್ಯಾನಿನಲ್ಲಿ ಅದ್ದಿ ನೋಡಲಿ, ಬೂದುಬಿಳುಪಿನ ಲೇಪ ಹತ್ತುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಎಕ್ಸ್‌ರೇ ಫಿಲಂ ತೊಳೆದ ಬೆಳ್ಳಿಯುಕ್ತ ದ್ರಾವಣವನ್ನು ಹಳದಿ ವರ್ಗದ ರಾಸಾಯನಿಕ ದ್ರವ ತ್ಯಾಜ್ಯದಲ್ಲಿ ಹೆಸರಿಸಿಯೇ ಸೇರಿಸಿದ್ದು, ಅದನ್ನು ಬೇರೆಯಾಗಿ ಸಂಗ್ರಹಿಸಿ, ಸಂಸ್ಕರಿಸಿದ ನಂತರವೇ ಇತರ ಕೊಳಚೆನೀರಿಗೆ ಸೇರಿಸಬೇಕೆನ್ನುತ್ತವೆ. ನೀರು ಬೆರೆಸಿದರೆ ಬೆಳ್ಳಿ ತೆಳುವಾದೀತೇ ಹೊರತು ಇಲ್ಲವಾಗದು. ನಮ್ಮ ಓಣಿಯ ಗಟಾರ ಕಡೆಗೆ ಸೇರುವುದು ಭತ್ತದ ಗದ್ದೆಗಳ ನಡುವಿನ ಬಸಿಗಾಲುವೆಗೆ. ನಾಳೆ ತಪಾಸಣೆಗೆ ಬಂದವರು ನೋಟಿಸ್ ಕೊಡುವುದು ನನಗೆ. ಬೆಳ್ಳಿಯ ಆಸೆಗೆ ಗುಜರಿಯವನೊಬ್ಬ ಎರಡು ಸಲ ಬಂದು ಕ್ಯಾನು ಕೇಳಿದ್ದಾನೆ, ನಾನು ಕೊಟ್ಟಿಲ್ಲ.

ಕಳೆದ ಬಾರಿ ಬಂದ ಡೆವಲಪರ್ ಕ್ಯಾನಿನ ಚೀಟಿಯಲ್ಲಿ ದರದ ಹೊರತು ಬೇರೇನೂ ಇರಲಿಲ್ಲ. ಡೆವಲಪರಿನಲ್ಲಿರುವ ಹೈಡ್ರೋಕ್ವಿನೋನ್ ಎಂಬ ರಾಸಾಯನಿಕ ಚರ್ಮಕ್ಕೆ ಅಲರ್ಜಿ ತರಬಲ್ಲದು. ಫಿಲಂ ತೊಳೆಯುವ ನಮ್ಮ ಹುಡುಗನ ಉಗುರುಗಳು ಕಂದುಗಟ್ಟಿ, ಬೆರಳ ಸಂದುಗಳು ಬಿರಿದಿವೆ. ಕೈಗವಸು ಕೊಡದ ತಪ್ಪು ನನ್ನದು, ಈಗ ಕೊಟ್ಟಿದ್ದೇನೆ. ಎಚ್ಚರಿಕೆ ಅಚ್ಚು ಹಾಕದ ತಪ್ಪು ತಮ್ಮದು.

ಆದ್ದರಿಂದ ಈ ಪತ್ರ ತಲುಪಿದ ಹತ್ತು ದಿನಗಳೊಳಗೆ ಐದೂ ಕ್ಯಾನುಗಳನ್ನು ಒಯ್ದು, ಅಧಿಕೃತ ಸಂಸ್ಕರಣಾ ಘಟಕಕ್ಕೆ ಒಪ್ಪಿಸಿದ ರಸೀದಿಯ ಪ್ರತಿಯನ್ನೂ, ಎರಡೂ ದ್ರಾವಣಗಳ ಸುರಕ್ಷತಾ ಮಾಹಿತಿಯನ್ನು ಕನ್ನಡದಲ್ಲಿಯೂ ಕಳುಹಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ತಮ್ಮ ಬಾಕಿ ಬಿಲ್ಲನ್ನು ತಡೆಹಿಡಿಯಲಾಗಿದೆ. ಅವಧಿ ಮೀರಿದರೆ ಈ ಪತ್ರದ ಪ್ರತಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೊಪ್ಪಳ ಕಚೇರಿಗೆ ಹೋಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮಾಲೀಕರು, ಎಕ್ಸ್‌ರೇ ಕೇಂದ್ರ,
ಗಂಗಾವತಿ, ಕೊಪ್ಪಳ ಜಿಲ್ಲೆ