ರಾಜೇಂದ್ರನಾಮೆ ನಿಂತ ಮೇಲಿನ ಇಪ್ಪತ್ತೇಳು ವರ್ಷ

ಮಾನ್ಯ ಸಂಪಾದಕರೇ,

ಕೊಡಗಿನ ಇತಿಹಾಸದ ಮಾತು ಬಂದಾಗಲೆಲ್ಲ ನಾವು ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಹೆಸರಿನಿಂದ ಆರಂಭಿಸಿ, 1834ರ ಏಪ್ರಿಲ್‌ನಲ್ಲಿ ಮಡಿಕೇರಿ ಕೋಟೆ ಕಂಪನಿ ಸರ್ಕಾರದ ವಶವಾದಲ್ಲಿಗೆ ಮುಗಿಸುತ್ತೇವೆ. ಅದಕ್ಕೂ ಮುಂಚೆಯೇ ನಮ್ಮ ಅರಮನೆ ತನ್ನ ಚರಿತ್ರೆಯನ್ನು ಕನ್ನಡದಲ್ಲಿ ಬರೆಸಿಟ್ಟಿತ್ತು ಎಂಬುದನ್ನು, ನಾನು ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ, ಕೇಳಿ ತಿಳಿದಿದ್ದ ವಿದ್ಯಾರ್ಥಿಗಳು ತೀರ ವಿರಳ.

ಆ ಕೃತಿ ಚಿಕ್ಕವೀರರಾಜೇಂದ್ರನ ದೊಡ್ಡಪ್ಪ, ಅರಸ ದೊಡ್ಡವೀರರಾಜೇಂದ್ರನು ಬರೆಸಿದ ‘ರಾಜೇಂದ್ರನಾಮೆ’. 1633ರಿಂದ 1807ರವರೆಗಿನ, ಕೊಡಗನ್ನಾಳಿದ ಹಾಲೇರಿ ವಂಶದ ಅರಸರ ವೃತ್ತಾಂತ ಅದರಲ್ಲಿದೆ. ರಾಬರ್ಟ್ ಅಬರ್‌ಕ್ರಾಂಬಿ ಎಂಬ ಸೇನಾಧಿಕಾರಿ 1808ರಲ್ಲಿಯೇ ಅದನ್ನು ಇಂಗ್ಲಿಷಿಗೆ ತಂದನು. ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಗಳಿಸಿದ ದೊಡ್ಡವೀರರಾಜೇಂದ್ರನಿಗೆ, ಕೊನೆಗಾಲದಲ್ಲಿ ಪಟ್ಟದ ರಾಣಿಯಲ್ಲಿ ಗಂಡು ಸಂತಾನವಿಲ್ಲದೆ, ಮಗಳು ದೇವಮ್ಮಾಜಿಯ ಹಕ್ಕು ಉಳಿದೀತೇ ಎಂಬ ಚಿಂತೆ ಹತ್ತಿತ್ತು. ಈ ಕೃತಿಯನ್ನು ಓದುವಾಗ ಆ ಚಿಂತೆಯನ್ನು ಮರೆಯಬಾರದು. ಇದು ಅರಸನು ಬರೆಸಿದ ಅರಸರ ಕಥೆ. ಇಲ್ಲಿನ ಹೊಗಳಿಕೆಯನ್ನೆಲ್ಲ ಇದ್ದಂತೆಯೇ ನಂಬಬೇಕಾಗಿಲ್ಲ. ಅವನ ಭಯವಂತೂ ಸುಳ್ಳಾಗಲಿಲ್ಲ: 1809ರಲ್ಲಿ ಅವನು ತೀರಿಕೊಂಡನು, ಎರಡೇ ವರ್ಷಗಳಲ್ಲಿ ತಮ್ಮ ಲಿಂಗರಾಜನು ದೇವಮ್ಮಾಜಿಯನ್ನು ಬದಿಗಿರಿಸಿ ತಾನೇ ಪಟ್ಟವೇರಿದನು.

ನನಗೆ ಮುಖ್ಯವೆನಿಸುವುದು ಕೃತಿಯ ವೃತ್ತಾಂತ 1807ರಲ್ಲಿ ನಿಂತ ನಂತರ 1834ರವರೆಗಿನ ಇಪ್ಪತ್ತೇಳು ವರ್ಷಗಳು. ಕೊನೆಯ ಇಬ್ಬರು ಅರಸರಾದ ಲಿಂಗರಾಜ ಮತ್ತು ಅವನ ಮಗ ಚಿಕ್ಕವೀರರಾಜೇಂದ್ರರ ಬಗ್ಗೆ ನಮಗೆ ಸಿಗುವ ಕಥನಗಳಲ್ಲಿ ಹೆಚ್ಚಿನವು, ಜರ್ಮನ್ ಮಿಷನರಿ ಮೊಗ್ಲಿಂಗ್ ಅವರ 1855ರ ಗ್ರಂಥ, 1870ರ ರಿಕ್ಟರ್ ಅವರ ಕೈಪಿಡಿ ಮೊದಲಾದ ಇಂಗ್ಲಿಷ್ ಬರಹಗಳನ್ನು ಆಧರಿಸಿವೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೊಗ್ಲಿಂಗ್ ಅವರ ಋಣ ಕನ್ನಡಿಗರ ಮೇಲೆ ದೊಡ್ಡದು, ಅದನ್ನು ಗೌರವದಿಂದ ನೆನೆಯುತ್ತೇನೆ. ಆದರೂ ಪದಚ್ಯುತನಾದ ಅರಸನ ಕಥೆಯನ್ನು ಅವರು ಬರೆದದ್ದು ಅವನನ್ನು ಇಳಿಸಿದವರ ಆಳ್ವಿಕೆಯಲ್ಲಿ. ಮುಂದೆ ಈ ಅರಸನನ್ನು ಕುರಿತ ಮಾಸ್ತಿಯವರ ಕಾದಂಬರಿ ‘ಚಿಕವೀರ ರಾಜೇಂದ್ರ’ ಜನಮನದಲ್ಲಿ ಎಷ್ಟು ಆಳವಾಗಿ ಬೇರೂರಿತೆಂದರೆ, ಕಾದಂಬರಿಯ ಅರಸನನ್ನೇ ಚರಿತ್ರೆಯ ಅರಸನೆಂದು ಬಗೆಯುವವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಈ ಚಿತ್ರವನ್ನು ಒರೆಗೆ ಹಚ್ಚಲು ಬೇಕಾದ ಕಾಗದಗಳು ನಮ್ಮ ಐನ್‌ಮನೆಗಳ, ಅಂದರೆ ಕುಲದ ಮೂಲಮನೆಗಳ, ಅಟ್ಟಗಳಲ್ಲಿಯೂ ಇದ್ದವು: ವಂಶಪಾರಂಪರ್ಯ ಭೂಮಿಯ ಜಮ್ಮಾ ಸನ್ನದುಗಳು, ಲಿಂಗರಾಜನ ಶಿಸ್ತಿಗೆ (ಭೂಕಂದಾಯದ ನಿಗದಿಗೆ) ಸಂಬಂಧಿಸಿದ ಲೆಕ್ಕಗಳು. ನಮ್ಮ ಮನೆಯಲ್ಲಿದ್ದ ಒಂದು ಕಟ್ಟು ನನ್ನ ಬಾಲ್ಯದಲ್ಲಿಯೇ ಮಳೆಗಾಲದ ತೇವಕ್ಕೂ ಗೆದ್ದಲಿಗೂ ಆಹುತಿಯಾಯಿತು. ಅದರಲ್ಲಿ ಏನಿತ್ತೆಂದು ಕೇಳಿ ಬರೆದಿಟ್ಟುಕೊಳ್ಳುವ ಬುದ್ಧಿ ಮನೆಯ ಯಾರಿಗೂ ಬರಲಿಲ್ಲ ಎಂಬ ಕೊರಗು ಇಂದಿಗೂ ಹೋಗಿಲ್ಲ.

ಆದ್ದರಿಂದ ಜಿಲ್ಲಾಡಳಿತವೂ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಗಳೂ ಕೂಡಿ ಊರೂರಿಗೆ ಬಂದು, ಇಂಥ ಕಾಗದಗಳನ್ನು ಮಾಲೀಕರ ಮನೆಯಲ್ಲಿಯೇ ಛಾಯಾಚಿತ್ರ ತೆಗೆದು, ಮೂಲವನ್ನು ಅವರಿಗೇ ಹಿಂದಿರುಗಿಸುವ ಏರ್ಪಾಡು ಮಾಡಬೇಕೆಂದು ಕೋರುತ್ತೇನೆ. ರಾಜೇಂದ್ರನಾಮೆಯ ಕನ್ನಡ ಪಾಠವೂ ಟಿಪ್ಪಣಿಗಳೊಂದಿಗೆ ಜಿಲ್ಲೆಯ ಪ್ರತಿಯೊಂದು ಪ್ರೌಢಶಾಲೆಯ ಗ್ರಂಥಾಲಯದಲ್ಲಿ ಸಿಗುವಂತಾಗಲಿ. ಮುಂದಿನ ಮಳೆಗಾಲಕ್ಕೆ ಮೊದಲೇ ಒಂದೆರಡು ನಾಡುಗಳಲ್ಲಾದರೂ ಈ ಕೆಲಸ ಆರಂಭವಾಗಲಿ.

– ನಿವೃತ್ತ ಶಿಕ್ಷಕ, ವಿರಾಜಪೇಟೆ