ಮಗಳಿಗೊಂದು ಪತ್ರ: ನಿನ್ನ ಪಾಸ್‌ವರ್ಡ್ ನನಗೆ ಬೇಡ

ಮಗಳೇ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜ್ ನೋಡಿದೆ. ಪಾಸ್‌ವರ್ಡ್ ಇದು, ಮನೆ ಕಂಪ್ಯೂಟರಿನಲ್ಲಿರುವ ನನ್ನ ಅಕೌಂಟ್‌ಗೆ ಹೋಗಿ ಫೋಟೋ, ನೋಟ್ಸ್ ಎಲ್ಲ ನಿನ್ನ ಕಡೆಗೆ ಹಾಕ್ಕೊಂಡುಬಿಡಮ್ಮ, ಆಮೇಲೆ ಅಕೌಂಟ್ ತೆಗೆದುಹಾಕು ಅಂತ ಬರೆದಿದ್ದೆ. ಆ ಮೆಸೇಜ್ ಅಳಿಸಿದ್ದೇನೆ. ನೀನೂ ಅಳಿಸು, ಪಾಸ್‌ವರ್ಡ್ ಬದಲಾಯಿಸು. ಕೋಪ ಏನಿಲ್ಲ ಕಣೇ, ಆದರೆ ಈ ಕೆಲಸ ನೀನೇ ಮಾಡಬೇಕು ಅಂತ ನನ್ನಾಸೆ.

ಪಾಸ್‌ವರ್ಡ್ ಇಲ್ಲದೆಯೂ ನಾನು ಒಳಗೆ ಹೋಗಬಹುದಿತ್ತು. ಈ ವಿಂಡೋಸ್ ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್, ಅಂದರೆ ಎಲ್ಲ ಅಧಿಕಾರ ಇರುವವಳು, ನಾನೇ ಅಲ್ವಾ. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ತೆರೆದು ನಿನ್ನ ಹೆಸರಿನ ಮೇಲೆ ಕ್ಲಿಕ್ ಮಾಡಿದೆ. ಒಂದು ಚಿಕ್ಕ ಕಿಟಕಿ ಬಂತು: ಈ ಫೋಲ್ಡರ್ ನೋಡಲು ಸದ್ಯ ನಿಮಗೆ ಅನುಮತಿ ಇಲ್ಲ, ಕಂಟಿನ್ಯೂ ಒತ್ತಿದರೆ ಖಾಯಂ ಆಗಿ ಸಿಗುತ್ತದೆ ಅಂತ. ಆ ಖಾಯಂ ಅನ್ನೋ ಪದ ನೋಡಿ ಕೈ ನಿಂತಿತು. ಒತ್ತಿದ್ದರೆ ಆ ಫೋಲ್ಡರಿನ ಅನುಮತಿ ಪಟ್ಟಿಗೆ ನನ್ನ ಹೆಸರು ಸೇರಿಬಿಡುತ್ತಿತ್ತು, ಆಮೇಲೆ ಯಾವತ್ತು ಬೇಕಾದರೂ ಕೇಳದೆ ಒಳಗೆ ಬರಬಹುದಿತ್ತು, ನಿನಗೆ ಗೊತ್ತೂ ಆಗುತ್ತಿರಲಿಲ್ಲ. ಕ್ಯಾನ್ಸಲ್ ಒತ್ತಿದೆ. ಹದಿನಾರು ವರ್ಷದಿಂದ ನೀನು ಬರೆದದ್ದು, ಗೀಚಿದ್ದು, ಯಾರಿಗೂ ತೋರಿಸದೆ ಇಟ್ಟದ್ದು ಎಲ್ಲ ಅಲ್ಲಿದೆ. ಅದರಲ್ಲಿ ನನಗೆ ಕೊಡಬೇಕಾದ್ದು ಯಾವುದು ಅಂತ ನೀನು ತಾನೇ ಹೇಳಬೇಕು?

ದಾರಿ ಸುಲಭ ಇದೆ. ನಿನ್ನ ಅಕೌಂಟ್‌ಗೆ ನೀನೇ ಲಾಗಿನ್ ಆಗು. ಅದೇ ಯೂಸರ್ಸ್ ಒಳಗೆ ಪಬ್ಲಿಕ್ ಅಂತ ಒಂದು ಫೋಲ್ಡರ್ ಇರುತ್ತದೆ, ಈ ಕಂಪ್ಯೂಟರಿನಲ್ಲಿ ಅಕೌಂಟ್ ಇರುವ ಎಲ್ಲರಿಗೂ ಅದು ತೆರೆದಿರುತ್ತದೆ. ಕೊಡಬೇಕಾದ್ದನ್ನು ಅಲ್ಲಿಗೆ ಹಾಕು, ನಾನು ನನ್ನ ಅಕೌಂಟಿನಿಂದ ಎತ್ತಿಕೊಳ್ಳುತ್ತೇನೆ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಯೂಸರ್ಸ್ ಒಳಗೆ ಶೇರ್ಡ್ ಅಂತ ಇರುತ್ತದೆ. ಅಲ್ಲಿ ಪ್ರತಿಯೊಬ್ಬರ ಪಬ್ಲಿಕ್ ಫೋಲ್ಡರಿನಲ್ಲಿ ಡ್ರಾಪ್ ಬಾಕ್ಸ್ ಅಂತ ಇನ್ನೊಂದೂ ಇದೆ, ಬೇರೆಯವರು ಅದಕ್ಕೆ ಫೈಲ್ ಹಾಕಬಹುದು, ಒಳಗೆ ಏನಿದೆ ಅಂತ ನೋಡಲು ಮಾತ್ರ ಆಗದು. ಅದನ್ನು ಯೋಚಿಸಿದವರು ಯಾರೋ, ನನಗೆ ತುಂಬಾ ಇಷ್ಟ.

ಈಗ ಮುಖ್ಯವಾದ ಮಾತು. ಕಟ್ ಮಾಡಬೇಡ, ಕಾಪಿ ಮಾಡು.

ಇದನ್ನು ನಾನು ಕಲಿತದ್ದು ಒಂದು ಸಂಜೆ ಪೂರ್ತಿ ಹಾಳಾದ ಮೇಲೆ. ಆಗ ನಾನೂ ನಿನ್ನ ಮಾವನೂ ಒಂದೇ ಕಂಪ್ಯೂಟರ್ ಬಳಸುತ್ತಿದ್ದೆವು. ಹಳೇ ಫೋಟೋಗಳನ್ನು ಕಟ್ ಮಾಡಿ ಹಂಚಿಕೆಯ ಫೋಲ್ಡರಿಗೆ ಹಾಕಿ, ತಗೋ ಅಂದೆ. ಅವನಿಗೆ ಹೆಸರುಗಳೆಲ್ಲ ಕಾಣುತ್ತಿದ್ದವು, ಆದರೆ ಒಂದೂ ತೆರೆಯುತ್ತಿರಲಿಲ್ಲ, ಯಾವುದರ ಮೇಲೆ ಒತ್ತಿದರೂ ಆಕ್ಸೆಸ್ ಡಿನೈಡ್. ಫೈಲ್ ಕೆಟ್ಟಿದೆ ಅಂತ ಅವನು, ಕಂಪ್ಯೂಟರ್ ಕೆಟ್ಟಿದೆ ಅಂತ ನಾನು. ಎರಡೂ ಕೆಟ್ಟಿರಲಿಲ್ಲ. ಒಂದೇ ಡ್ರೈವ್ ಒಳಗೆ ಕಟ್ ಮಾಡಿ ಬೇರೆ ಕಡೆ ಹಾಕಿದರೆ ಫೈಲ್ ಡಿಸ್ಕಿನಲ್ಲಿ ಇದ್ದ ಜಾಗದಲ್ಲೇ ಇರುತ್ತದೆ, ಅದರ ವಿಳಾಸ ಮಾತ್ರ ಬದಲಾಗುತ್ತದೆ. ಹಾಗಾಗಿ ಹಳೇ ಅನುಮತಿಯೂ ಜೊತೆಗೇ ಬಂದುಬಿಡಬಹುದು: ಈ ಫೈಲ್ ಇಂಥವರದು, ಬೇರೆಯವರು ಮುಟ್ಟುವಂತಿಲ್ಲ ಅಂತ. ಕಾಪಿ ಮಾಡಿದರೆ ಹೊಸ ಜಾಗದಲ್ಲಿ ಹೊಸ ಫೈಲ್ ಹುಟ್ಟುತ್ತದೆ, ಆ ಜಾಗದ ಅನುಮತಿಯನ್ನೇ ಪಡೆಯುತ್ತದೆ. ಮೂಲ ಪ್ರತಿ ನಿನ್ನ ಹತ್ತಿರವೇ ಉಳಿಯುತ್ತದೆ, ಎಲ್ಲಾದರೂ ತಪ್ಪಿದರೂ ಏನೂ ಹೋಗುವುದಿಲ್ಲ.

ಕಾಪಿ ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡು. ಒಳಗೆ ಎಷ್ಟು ಫೈಲ್ ಇವೆ ಅಂತ ಅದರಲ್ಲಿರುತ್ತದೆ. ಒಂದು ಕಡೆ 1,240, ಇನ್ನೊಂದು ಕಡೆ 1,238 ಅಂತಿದ್ದರೆ ಆ ಎರಡು ಯಾವುದು ಅಂತ ಹುಡುಕು. ನಾಲ್ಕೈದನ್ನು ತೆರೆದೂ ನೋಡು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತದೆ, ಮರೆಯೋದು ಡೆಸ್ಕ್‌ಟಾಪ್ ಮತ್ತೆ ಡೌನ್‌ಲೋಡ್ಸ್. ಬ್ರೌಸರಿನ ಬುಕ್‌ಮಾರ್ಕ್‌ಗಳು ಈ ಫೋಲ್ಡರುಗಳ ಜೊತೆ ಬರುವುದಿಲ್ಲ, ಅವನ್ನು ಬ್ರೌಸರಿನಿಂದಲೇ ಎಕ್ಸ್‌ಪೋರ್ಟ್ ಮಾಡಿಕೊ. ಫೈಲ್ ಪಕ್ಕದಲ್ಲಿ ಮೋಡದ ಗುರುತು ಕಂಡರೆ ಅದು ಕಂಪ್ಯೂಟರಿನಲ್ಲಿ ನಿಜವಾಗಿ ಇಲ್ಲ, ಆನ್‌ಲೈನ್‌ನಲ್ಲಿದೆ. ಇಂಟರ್ನೆಟ್ ಇರುವಾಗ ಮೊದಲು ಇಳಿಸಿಕೊ.

ಒಂದು ಎಚ್ಚರಿಕೆ: ಪಬ್ಲಿಕ್‌ಗೆ ಹಾಕಿದ್ದನ್ನು ನಿನ್ನ ತಮ್ಮನೂ ನೋಡಬಹುದು, ಅಳಿಸಲೂಬಹುದು. ಅವನು ಕಾಣಬಾರದ್ದು ಏನಾದರೂ ಇದ್ದರೆ ಪೆನ್ ಡ್ರೈವ್‌ನಲ್ಲಿ ಕೊಡು. ಪೆನ್ ಡ್ರೈವ್ ಫ್ಯಾಟ್32 ಅನ್ನೋ ಹಳೇ ರೀತಿಯಲ್ಲಿ ಫೈಲ್ ಇಡುವಂಥದ್ದಾದರೆ 4 ಜಿಬಿ ದಾಟಿದ ಒಂದೇ ವಿಡಿಯೋ ಅದರಲ್ಲಿ ಹಿಡಿಸುವುದಿಲ್ಲ, ಜಾಗ ಎಷ್ಟೇ ಖಾಲಿ ಇದ್ದರೂ.

ಇಷ್ಟಕ್ಕೆಲ್ಲ ಅಮ್ಮ ಪತ್ರ ಬರೆಯಬೇಕಿತ್ತಾ ಅಂತ ನಿನಗೆ ಅನ್ನಿಸಬಹುದು. ನೋಡು, ಒಂದು ಕಂಪ್ಯೂಟರನ್ನು ಹಲವರು ಹಂಚಿಕೊಳ್ಳೋದು ಶುರುವಾದಾಗಿನಿಂದ ಈ ಪ್ರಶ್ನೆ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೋ ಕಾರ್ಬಟೋ ಮತ್ತು ಅವರ ಜೊತೆಗಾರರು 1961ರಲ್ಲಿ ತೋರಿಸಿದ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರ ಫೈಲುಗಳನ್ನೂ ಬೇರೆ ಬೇರೆ ಇಡಬೇಕಾಗಿ ಬಂದು ಪಾಸ್‌ವರ್ಡ್ ತಂದರು. ಮರುವರ್ಷವೇ ಅಲ್ಲಿನ ಸಂಶೋಧಕ ಆಲನ್ ಶೆರ್, ಕಂಪ್ಯೂಟರ್ ಬಳಸಲು ತನಗೆ ಸಿಕ್ಕ ಸಮಯ ಸಾಲದು, ಬೇರೆಯವರ ಅಕೌಂಟಿನಿಂದಲೂ ಬಳಸೋಣ ಅಂತ ಪಾಸ್‌ವರ್ಡ್‌ಗಳ ಫೈಲನ್ನೇ ಪ್ರಿಂಟ್ ಮಾಡಿಸಿಕೊಂಡರು. ಪಾಸ್‌ವರ್ಡ್ ಅಷ್ಟು ಹಳೆಯದು, ಅದನ್ನು ದಾಟುವ ಆಸೆಯೂ ಅಷ್ಟೇ ಹಳೆಯದು. ನಿನ್ನ ವಿಷಯದಲ್ಲಿ ನಾನು ಹಾಗೆ ಮಾಡುವವಳಾಗಬಾರದು, ಅಷ್ಟೇ.

ಅಕೌಂಟ್ ತೆಗೆಯೋಕೆ ಅವಸರ ಬೇಡ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದರೆ ಒಳಗಿದ್ದ ಫೈಲುಗಳೂ ಹೋಗುತ್ತವೆ. ನಿನಗೆ ಬೇಕಾದ್ದನ್ನು ನಿನ್ನ ಹೊಸ ಲ್ಯಾಪ್‌ಟಾಪ್‌ಗೂ ಕಾಪಿ ಮಾಡಿಕೊಂಡು, ಅಲ್ಲಿ ಎಲ್ಲ ತೆರೆದು ನೋಡಿ, ಒಂದು ತಿಂಗಳು ಬಳಸಿ, ಆಮೇಲೆ ಹೇಳು. ಅಲ್ಲಿಯವರೆಗೆ ಲಾಗಿನ್ ಪರದೆಯ ಮೇಲೆ ನಿನ್ನ ಹೆಸರು ಇರಲಿ.

ಪಬ್ಲಿಕ್ ಒಳಗೆ 'ಅಮ್ಮನಿಗೆ' ಅಂತ ಒಂದು ಫೋಲ್ಡರ್ ಮಾಡಿಟ್ಟಿದ್ದೇನೆ. ಈಗ ಖಾಲಿ ಇದೆ. ಬಂದಾಗ ನಿನಗೆ ಕೊಡಬೇಕು ಅನ್ನಿಸಿದ್ದನ್ನು ಹಾಕು.

ಇಂತಿ,
ಅಮ್ಮ