ದೆವ್ವ ಕಾಣದಿದ್ದರೆ ಅದು ಹಾರರ್ ಅಲ್ವಾ?

ಮಾನ್ಯ ಸಂಪಾದಕರೇ,

ರಜೆ ಕಳೆಯಲು ಕಾಫಿ ಎಸ್ಟೇಟಿನ ಹಳೇ ಬಂಗಲೆಗೆ ಬರುವ ಐವರು ಗೆಳೆಯರ ಹಾರರ್ ಸಿನಿಮಾದ ಬಗ್ಗೆ ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಎರಡು ಗಂಟೆ ಕೂತರೂ ಒಂದು ದೆವ್ವ ಬರಲಿಲ್ಲ, ಕೈಯಲ್ಲಿ ದುಡ್ಡಿಲ್ಲದವರು ಇಂಥ ಸಿನಿಮಾಕ್ಕೆ ಕೈ ಹಾಕಬಾರದು, ಮೇಲಾಗಿ ಮಲೆನಾಡಿನ ಹೆಸರು ಕೆಡುತ್ತದೆ ಅನ್ನೋದು ಅವರ ದೂರು. ಆ ಸಿನಿಮಾ ನಾನೂ ನೋಡಿದ್ದೇನೆ. ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಶನಿವಾರ, ಭಾನುವಾರ ಬೆಂಗಳೂರಿನಿಂದ ಬರುವ ಇಂಥದ್ದೇ ಹುಡುಗ ಹುಡುಗಿಯರಿಗೆ ಅಡುಗೆ ಮಾಡಿ ಬಡಿಸುವವಳು ನಾನೇ. ಹಾಗಾಗಿ ಸುಮ್ಮನಿರಲು ಮನಸ್ಸಾಗಲಿಲ್ಲ.

ದೆವ್ವ ಬರಲಿಲ್ಲ, ನಿಜ. ಆದರೆ ಆ ಸಿನಿಮಾದ ಭಯ ಇರುವುದೇ ಬೇರೆ ಕಡೆ. ಎರಡನೇ ರಾತ್ರಿ ಕರೆಂಟು ಹೋಗುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಯಾರೋ ನಿಂತಿದ್ದನ್ನು ಒಬ್ಬಳು ಹುಡುಗಿ ಕಿಟಕಿಯಿಂದ ನೋಡುತ್ತಾಳೆ. ಉಳಿದ ನಾಲ್ವರು ಮೊಬೈಲ್ ಟಾರ್ಚ್ ಹಿಡಿದು ಹೋಗಿ ಹುಡುಕುತ್ತಾರೆ. ಯಾರೂ ಇಲ್ಲ. ಮೊದಲು ತಮಾಷೆ ಮಾಡುತ್ತಾರೆ. ಮರುದಿನ ಅವಳು ಮತ್ತೆ ಹೇಳಿದಾಗ 'ಅಯ್ಯೋ, ಶುರುವಾಯ್ತಾ' ಅನ್ನುತ್ತಾರೆ. ಮೂರನೇ ರಾತ್ರಿ ಅವಳು ಕಿಟಕಿ ಕಡೆ ನೋಡುತ್ತಾಳೆ, ಏನೋ ಕಾಣುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ಪರದೆ ಎಳೆದು ಬಂದು ಊಟಕ್ಕೆ ಕೂರುತ್ತಾಳೆ. ಯಾರೋ 'ಏನಾಯ್ತೇ?' ಅಂದರೆ 'ಏನಿಲ್ಲ, ನಂಗೇ ಹಂಗನ್ನಿಸ್ತು' ಅನ್ನುತ್ತಾಳೆ. ನನ್ನ ಎದೆ ಝಲ್ಲೆಂದದ್ದು ಅಲ್ಲಿ.

ಸಿನಿಮಾ ನೋಡದವರು ಈ ಒಂದು ಪ್ಯಾರಾ ಬಿಟ್ಟು ಓದಿ. ಪತ್ರ ಬರೆದವರ ಕಣ್ಣಿಗೆ ಒಂದು ಸಂಗತಿ ಬಿದ್ದಿಲ್ಲ ಅನ್ನಿಸುತ್ತದೆ. ಅದೇ ಊಟದ ಹೊತ್ತಿಗೆ, ಅವಳ ಎದುರಿಗೆ ಕೂತ ಹುಡುಗ ಸಾರು ಬಡಿಸಿಕೊಳ್ಳುತ್ತಿರುತ್ತಾನೆ. ಪರದೆಯ ಸಂದಿನಿಂದ ಅವನಿಗೂ ಕಣ ಕಾಣುತ್ತದೆ. ಸೌಟು ಅರ್ಧದಲ್ಲೇ ನಿಲ್ಲುತ್ತದೆ. ಒಂದು ತೊಟ್ಟು ಸಾರು ಮೇಜಿನ ಮೇಲೆ ಬೀಳುತ್ತದೆ. ಅವನು ಅದನ್ನು ಬೆರಳಿನಿಂದ ಒರೆಸಿ, ತಲೆ ತಗ್ಗಿಸಿ ಊಟ ಮುಂದುವರಿಸುತ್ತಾನೆ. ಅಂದರೆ ಅವನೂ ನೋಡಿದ್ದಾನೆ. ಬಾಯಿ ಬಿಟ್ಟರೆ ತನ್ನನ್ನೂ ಅವಳ ಜೊತೆ ಸೇರಿಸಿ ಆಡಿಕೊಳ್ಳುತ್ತಾರೆ ಅಂತ ಸುಮ್ಮನಾಗಿದ್ದಾನೆ. ಸಂಗೀತ ಇಲ್ಲ, ಕ್ಲೋಸಪ್ ಇಲ್ಲ. ಕಣದಲ್ಲಿ ನಿಂತಿದ್ದು ಯಾರು ಅಂತ ಸಿನಿಮಾ ಕೊನೆಗೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ನನ್ನ ಮಗಳು ಮೈಸೂರಿನಲ್ಲಿ ಮನಃಶಾಸ್ತ್ರ ಓದುತ್ತಿದ್ದಾಳೆ. ಕಥೆ ಹೇಳಿದಾಗ ಅವಳಿಗೆ ತಕ್ಷಣ ನೆನಪಾದದ್ದು ಸಾಲೊಮನ್ ಆಶ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಮಾಡಿದ ಪ್ರಯೋಗ. 1951ರಲ್ಲಿ ಪ್ರಕಟವಾದದ್ದು. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದ ಅಂತ ಕೇಳುವುದು. ಚಿಕ್ಕ ಮಕ್ಕಳೂ ಹೇಳಬಹುದು. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುತ್ತಾರೆ. ಆಗ ಹೀಗೆ ಒಂಟಿಯಾದವರಲ್ಲಿ ನಾಲ್ಕಕ್ಕೆ ಮೂರರಷ್ಟು ಜನ ಒಂದು ಸಲವಾದರೂ ತಮ್ಮ ಕಣ್ಣು ಕಂಡದ್ದನ್ನು ಬಿಟ್ಟು ಗುಂಪಿನ ಉತ್ತರವನ್ನೇ ಹೇಳಿದರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವವನಿದ್ದರೆ ಸಾಕು, ಹೀಗೆ ತಪ್ಪಿಗೆ ತಲೆಯಾಡಿಸುವುದು ತುಂಬಾ ಕಡಿಮೆಯಾಯಿತಂತೆ. ಆ ಒಬ್ಬ ಈ ಸಿನಿಮಾದಲ್ಲಿ ಅವಳ ಎದುರಿಗೇ ಕೂತಿದ್ದಾನೆ. ಕೈಯಲ್ಲಿ ಸೌಟು ಹಿಡಿದುಕೊಂಡು.

ಇದೆಲ್ಲ ಸಿನಿಮಾದವರ ಕಲ್ಪನೆ ಅಂತ ದಯವಿಟ್ಟು ತಳ್ಳಿಹಾಕಬೇಡಿ. ನಮ್ಮ ಮನೆಗೆ ಬರುವ ಗುಂಪುಗಳನ್ನು ನೋಡುತ್ತಲೇ ಇರುತ್ತೇನೆ. ಒಳ್ಳೆಯ ಮಕ್ಕಳೇ. ಬಂದ ದಿನ ಗಲಾಟೆಯೋ ಗಲಾಟೆ. 'ಆಂಟಿ, ವೈಫೈ ಇದ್ಯಾ?', 'ಆಂಟಿ, ಫೈರ್ ಕ್ಯಾಂಪ್ ಎಷ್ಟೊತ್ತಿಗೆ?' ಮರುದಿನ ಮಳೆ ಹಿಡಿಯಿತು ಅಂದುಕೊಳ್ಳಿ. ಮಂಜರಾಬಾದ್ ಕೋಟೆಗೆ ಹೋಗುವ ಹಾಗಿಲ್ಲ, ಬಿಸಿಲೆ ಕಡೆ ಹೋದರೆ ಬರೀ ಮಂಜು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಎಲ್ಲರೂ ಒಂದೇ ಕೋಣೆಯಲ್ಲಿ. ಆಗ ಹಳೆಯದೆಲ್ಲ ಹೊರಗೆ ಬರುತ್ತದೆ. ಯಾರು ಯಾರಿಗೆ ದುಡ್ಡು ಕೊಡಬೇಕು, ಯಾರು ಯಾರ ಬಗ್ಗೆ ಹಿಂದಿನಿಂದ ಏನಂದರು. ಪ್ರತಿ ಗುಂಪಿನಲ್ಲೂ ಎಲ್ಲರೂ ಆಡಿಕೊಳ್ಳುವವರು ಒಬ್ಬರು ಇದ್ದೇ ಇರುತ್ತಾರೆ. ಮೊದಲ ದಿನ ಅವರೂ ಎಲ್ಲರ ಜೊತೆ ನಗುತ್ತಾರೆ. ಎರಡನೇ ದಿನ ಸಂಜೆ ಹೊತ್ತಿಗೆ ಅವರ ತಟ್ಟೆ ನೋಡಿದರೆ ನನಗೆ ಗೊತ್ತಾಗುತ್ತದೆ. ಅಕ್ಕಿರೊಟ್ಟಿ ಚೂರು ಚೂರಾಗಿರುತ್ತದೆ, ಬಾಯಿಗೆ ಹೋಗಿರುವುದಿಲ್ಲ.

ಹಾಗೆ ಒಬ್ಬಳು ಹುಡುಗಿ ಒಂದು ಮಳೆಗಾಲದ ರಾತ್ರಿ ಅಡುಗೆಮನೆಗೆ ಬಂದು ಒಲೆ ಪಕ್ಕ ಕೂತಳು. ತಲೆ ಮೇಲೆ ಯಾರೋ ನಡೆದಾಡುತ್ತಾರೆ, ನಿಲ್ಲುತ್ತಾರೆ, ಮತ್ತೆ ನಡೆಯುತ್ತಾರೆ ಅಂದಳು. ಹೊರಗೆ ಅವಳ ಗೆಳೆಯರು ಅದನ್ನೇ ಅಣಕಿಸಿ ವಿಡಿಯೋ ಮಾಡುತ್ತಿದ್ದರು. ಅವಳ ಕೈ ತಣ್ಣಗಿತ್ತು. ನಾನು ಒಂದು ಲೋಟ ಬೆಲ್ಲದ ಕಾಫಿ ಕೊಟ್ಟು, 'ನೀನು ಕೇಳಿದ್ದು ನಿಜಾನೇ ಕಣಮ್ಮ. ಅಟ್ಟದ ಮೇಲೆ ಪುನುಗು ಬೆಕ್ಕು ಓಡಾಡ್ತದೆ. ಹಲಗೆ ಮೇಲೆ ಕಾಲಿಟ್ರೆ ಥೇಟ್ ಮನುಷ್ಯರು ನಡೆದಂಗೇ ಕೇಳ್ತದೆ' ಅಂದೆ. ಆಮೇಲೆ ಹೊರಗೆ ಹೋಗಿ ಆ ಮಕ್ಕಳಿಗೂ ಗಟ್ಟಿಯಾಗಿ ಅದನ್ನೇ ಹೇಳಿದೆ. ಹುಡುಗಿ ಅತ್ತುಬಿಟ್ಟಳು. ಬೆಕ್ಕಿನ ಭಯ ಹೋಯಿತು ಅಂತ ಅತ್ತದ್ದಲ್ಲ ಅದು. ತನಗೆ ತಲೆ ಕೆಟ್ಟಿಲ್ಲ ಅಂತ ಒಬ್ಬರಾದರೂ ಹೇಳಿದರಲ್ಲ, ಅದಕ್ಕೆ. ಸಿನಿಮಾದ ಹುಡುಗಿಗೆ ಅಂಥದ್ದೊಂದು ಅಡುಗೆಮನೆ ಸಿಗುವುದಿಲ್ಲ.

ಇನ್ನು ದುಡ್ಡಿನ ಮಾತು. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ಅನಂತನಾಗ್ ಅವರನ್ನು ನೋಡಿ ಹೆದರಿದ ಮನೆಯಲ್ಲೇ ನಾನು ಬೆಳೆದದ್ದು. ದೆವ್ವ ತೋರಿಸಿ ಹೆದರಿಸುವ ದಾರಿಯೂ ಒಳ್ಳೆಯದೇ. ಆದರೆ ಅದೊಂದೇ ದಾರಿ ಅಲ್ಲ. ಅಮೆರಿಕದ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' 1999ರಲ್ಲಿ ತೆರೆಗೆ ಬಂತು. ಮೇರಿಲ್ಯಾಂಡಿನ ಕಾಡಿನಲ್ಲಿ 8 ದಿನದ ಶೂಟಿಂಗ್, ಕ್ಯಾಮೆರಾ ಹಿಡಿದವರು ನಟರೇ. ಅವರ ಹೊಟ್ಟೆಗೆ ಕೊಡುವುದನ್ನೂ ದಿನದಿಂದ ದಿನಕ್ಕೆ ಕಡಿಮೆ ಮಾಡಿದ್ದರಂತೆ, ಸಿಡುಕು ನಿಜವಾಗಿರಲಿ ಅಂತ. ಶೂಟಿಂಗಿಗೆ ಒಂದು ಲಕ್ಷ ಡಾಲರ್ ಕೂಡ ಖರ್ಚಾಗಲಿಲ್ಲ, ಗಳಿಸಿದ್ದು 24 ಕೋಟಿ ಡಾಲರಿಗೂ ಜಾಸ್ತಿ. ಹೆಸರಿನಲ್ಲೇ ಇರುವ ಮಾಟಗಾತಿ ಒಂದು ಸಲವೂ ಕಾಣುವುದಿಲ್ಲ. ನಮ್ಮಲ್ಲೂ 2013ರಲ್ಲಿ '6-5=2' ಬಂದಿತ್ತು, ಟ್ರೆಕ್ಕಿಂಗ್ ಹೋದ ಗೆಳೆಯರ ಕಥೆ. ಅವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಎಂಬಂತೆ ತೆಗೆದದ್ದು. ಜನ ಹೋಗಿ ನೋಡಿದರು. ದುಡ್ಡು ಕಡಿಮೆ ಇದ್ದಾಗ ಒಂದೇ ಮನೆ, ನಾಲ್ಕೈದು ಮುಖ, ಒಂದಿಷ್ಟು ಸದ್ದು. ಮನಸ್ಸಿನ ಒಳಗಿನ ಭಯಕ್ಕೆ ಬೇಕಾದದ್ದೂ ಅಷ್ಟೇ ಅಲ್ವಾ?

ಸಿನಿಮಾದಲ್ಲಿ ಕೊರತೆ ಇಲ್ಲ ಅಂತಲ್ಲ. ಹೊರಗೆ ಜಡಿಮಳೆ, ಗಿಡದಲ್ಲಿ ಕೆಂಪಗೆ ಹಣ್ಣಾದ ಕಾಫಿ! ಮಳೆಗಾಲದಲ್ಲಿ ಕಾಯಿ ಇನ್ನೂ ಹಸಿರು. ಅರೇಬಿಕಾ ಹಣ್ಣಾಗಿ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ, ರೋಬಸ್ಟಾ ಇನ್ನೂ ತಡ. ಅಷ್ಟು ಮಳೆಯಲ್ಲಿ ತೋಟ ಸುತ್ತಿದರೂ ಒಬ್ಬರ ಕಾಲಿಗೂ ಜಿಗಣೆ ಹತ್ತುವುದಿಲ್ಲ. ಕತ್ತಿ ಹಿಡಿದು ದುರುಗುಟ್ಟಿ ನೋಡುವ ತೋಟದ ಆಳನ್ನು ಯಾಕೆ ತಂದರೋ ಗೊತ್ತಿಲ್ಲ. ತೋಟದಲ್ಲಿ ಎಲ್ಲರ ಕೈಯಲ್ಲೂ ಕತ್ತಿ ಇರುತ್ತದೆ. ಅದು ಅವರ ಹೊಟ್ಟೆಪಾಡಿನ ಸಾಮಾನು. ಸಿಟಿಯವರನ್ನು ಹೆದರಿಸಲಿಕ್ಕೆ ಅವರನ್ನು ಬಳಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಆನೆ. ರಾತ್ರಿ ಹನ್ನೊಂದಕ್ಕೆ ಐವರೂ ತೋಟಕ್ಕೆ ಇಳಿದಾಗ ನನ್ನ ಪಕ್ಕ ಕೂತಿದ್ದ ಹೆಂಗಸು ತಡೆಯಲಾಗದೆ 'ಆನೆ ಇದ್ರೆ ಏನ್ ಮಾಡ್ತಾರೆ?' ಅಂದೇಬಿಟ್ಟರು. ಸಕಲೇಶಪುರ, ಆಲೂರು, ಬೇಲೂರು, ಅತ್ತ ಮೂಡಿಗೆರೆ, ಈ ಕಡೆಯವರಿಗೆಲ್ಲ ಮೊದಲು ಬರುವ ಯೋಚನೆ ಅದೇ. ಯಾವ ತೋಟದ ಹತ್ತಿರ ಆನೆ ಇದೆ ಅಂತ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ. ಅದನ್ನು ನೋಡಿಕೊಂಡು ಮಕ್ಕಳನ್ನು ಶಾಲೆಗೆ, ಆಳುಗಳನ್ನು ಕೆಲಸಕ್ಕೆ ಕಳಿಸುವ ಮನೆಗಳಿವೆ. ನೆಟ್‌ವರ್ಕ್ ಹೋದರೆ ಆ ಸಂದೇಶವೂ ಇಲ್ಲ. ಈ ಭಯ ಸಿನಿಮಾದವರ ಕಾಲ ಬುಡದಲ್ಲೇ ಇತ್ತು. ಊರವರನ್ನು ಒಂದು ಮಾತು ಕೇಳಿದ್ದರೆ ಸಿಗುತ್ತಿತ್ತು.

ಮಲೆನಾಡಿನ ಹೆಸರು ಕೆಡುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಈ ಸಿನಿಮಾ ನೋಡಿ ಹೆದರಿ ನಮ್ಮಲ್ಲಿ ಬುಕಿಂಗ್ ರದ್ದು ಮಾಡಿದವರು ಒಬ್ಬರೂ ಇಲ್ಲ. ಹಳ್ಳಕ್ಕೆ ಬಾಟಲಿ ಎಸೆದು ಹೋಗುವವರಿಂದ ಊರಿಗೆ ಆಗುವ ತೊಂದರೆಯ ಬಗ್ಗೆ ಬರೆಯಲಿ, ನಾನೂ ಸಹಿ ಹಾಕುತ್ತೇನೆ.

ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಈ ಸಿನಿಮಾವನ್ನು ತೋರಿಸಿದ ರೀತಿ ನೋಡಿ. ನಾವು ನೋಡಿದ್ದು ಹಾಸನದ ಒಂದು ಚಿತ್ರಮಂದಿರದಲ್ಲಿ. ಇದ್ದದ್ದು ಬೆಳಗಿನ ಆಟ ಒಂದೇ. ಪಕ್ಕದ ಬಾಗಿಲ ಪರದೆ ಅರ್ಧ ಸರಿದು ಬಿಸಿಲು ತೆರೆಯ ಮೂಲೆಗೆ ಬೀಳುತ್ತಿತ್ತು. ಎಡಬಲದ ಸ್ಪೀಕರುಗಳಲ್ಲಿ ಸದ್ದೇ ಇಲ್ಲ. ಸಿನಿಮಾದಲ್ಲಿ ಒಂದು ಕಡೆ ಜಿಂಕ್ ಶೀಟಿನ ಮೇಲೆ ಒಂದೇ ಸಮ ಹೊಡೆಯುತ್ತಿದ್ದ ಮಳೆ ಗಕ್ಕನೆ ನಿಲ್ಲುತ್ತದೆ. ಸೂರಿನ ನೀರು ತೊಟ್ಟಿಕ್ಕುವುದು ಮಾತ್ರ ಕೇಳಬೇಕು. ಆಮೇಲೆ, ಹುಡುಗಿಯ ಹಿಂದಿನಿಂದ ಯಾರದೋ ಉಸಿರು. ನಮಗೆ ಕೇಳಿದ್ದು ರಸ್ತೆಯ ಬಸ್ಸಿನ ಹಾರ್ನು. ಅಲ್ಲಿ ಉಸಿರಾಟ ಇತ್ತು ಅಂತ ನನಗೆ ಗೊತ್ತಾದದ್ದು ಬೆಂಗಳೂರಿನಲ್ಲಿ ಸಿನಿಮಾ ನೋಡಿದ ತಂಗಿ ಮಗ ಫೋನಿನಲ್ಲಿ ಹೇಳಿದಾಗ. ಕೊನೆಯ ದೃಶ್ಯ ಮುಗಿಯುವ ಮೊದಲೇ ಲೈಟು ಹಾಕಿ ಬಾಗಿಲು ತೆರೆದರು. ಮುಂದಿನ ಶುಕ್ರವಾರ ಪೋಸ್ಟರೇ ಇರಲಿಲ್ಲ. ಹೀಗೆ ತೋರಿಸಿದರೆ ಯಾವ ಹಾರರ್ ಸಿನಿಮಾ ತಾನೇ ಹೆದರಿಸೀತು? ಪತ್ರ ಬರೆದವರು ನೋಡಿದ್ದೂ ಇಂಥದ್ದೇ ಒಂದು ಆಟ ಇರಬಹುದು.

ಹಾಸನ, ಚಿಕ್ಕಮಗಳೂರಿನ ಚಿತ್ರಮಂದಿರದವರಲ್ಲಿ ನನ್ನ ಕೋರಿಕೆ ಇಷ್ಟೇ. ನಮ್ಮ ಕಡೆ ತೋಟಗಳಲ್ಲಿ ಶೂಟಿಂಗ್ ಆದ ಸಣ್ಣ ಸಿನಿಮಾಗಳಿಗೆ ವಾರಕ್ಕೆ ಒಂದೆರಡಾದರೂ ಸಂಜೆ ಆಟ ಕೊಡಿ. ಬಾಗಿಲು ಮುಚ್ಚಿ, ಎಲ್ಲ ಸ್ಪೀಕರುಗಳನ್ನೂ ಹಾಕಿ, ಹೆಸರುಗಳು ಬಂದು ಮುಗಿಯುವವರೆಗೆ ಲೈಟು ಹಾಕಬೇಡಿ. ಸಂಜೆ ಆಟ ಮುಗಿದರೆ ನಮ್ಮೂರಿಗೆ ವಾಪಸ್ ಬಸ್ಸಿಲ್ಲ. ಪರವಾಗಿಲ್ಲ. ಜೀಪು ಮಾಡಿಕೊಂಡು ಅಕ್ಕಪಕ್ಕದ ಮನೆಯವರನ್ನೂ ಕರೆದುಕೊಂಡು ನಾನೇ ಬರುತ್ತೇನೆ.

ಇಂತಿ,
ಹೋಂಸ್ಟೇ ನಡೆಸುವ ಗೃಹಿಣಿ
ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು